ತಗಡಿನ ಮೇಲೆ ಎರಡು ಏಟು

ಶಾಲೆಯ ವ್ಯಾನು ಓಡಿಸುವವನು ಹಿಂದಕ್ಕೆ ತಿರುಗಿ ನೋಡಬಾರದು ಎನ್ನುವುದು ತಾತನ ಕಟ್ಟುನಿಟ್ಟು. ಡ್ರೈವರನ ಕಣ್ಣು ರಸ್ತೆಯ ಮೇಲಿರಬೇಕು. ಬೆನ್ನ ಹಿಂದಿನ ಲೋಕವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿಬಿಡಬೇಕು. ಊರಿನ ಮಕ್ಕಳನ್ನು ಹಳದಿ ವ್ಯಾನಿನಲ್ಲಿ ಶಾಲೆಗೆ ಕರೆದೊಯ್ದು ಮನೆಗೆ ಮುಟ್ಟಿಸಿದ ಅಷ್ಟೂ ವರ್ಷ ಅವನು ಆ ಲೋಕವನ್ನು ಒಪ್ಪಿಸಿದ್ದು ತನ್ನ ಹೆಂಡತಿಯ ಕೈಗೆ. ಮಕ್ಕಳು ಅವಳನ್ನು ಆಯಮ್ಮ ಎನ್ನುತ್ತಿದ್ದರು. ಹೇಳಿ ಹೇಳಿ ದೊಡ್ಡವರ ಬಾಯಲ್ಲೂ ಅದೇ ನಿಂತಿತು.

ಆಯಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಹತ್ತಿಸುವಳು. ಜಡೆ ಬಿಚ್ಚಿಹೋದವಳ ಜಡೆ ಹೆಣೆಯುವಳು, ಮೂಗು ಸೋರುವವನ ಮೂಗು ಒರೆಸುವಳು. ಕಡೆಗೆ ತಾನು ಹತ್ತಿ, ಜಾರುವ ಬಾಗಿಲನ್ನು ಎಳೆದು, ಕಿಟಕಿಯಿಂದ ಕೈ ಆಚೆ ಹಾಕಿ ತಗಡಿನ ಮೇಲೆ ಎರಡು ಸಲ ತಟ್ಟುವಳು. ಮೊದಲ ಏಟು ಬರೀ ಅಂಗೈಯದು. ಎರಡನೆಯದಕ್ಕೆ ಬೆರಳಿನ ಉಂಗುರವೂ ತಗುಲಿ ಟಣ್ ಎನ್ನುತ್ತಿತ್ತು. ಆ ಟಣ್ ಕಿವಿಗೆ ಬಿದ್ದ ಮೇಲೆಯೇ ತಾತ ಗೇರು ಹಾಕುತ್ತಿದ್ದ. ತಿರುಗಿ ನೋಡುವ, ಎಲ್ಲರೂ ಬಂದರೇ ಎಂದು ಕೇಳುವ ಮಾತೇ ಇರಲಿಲ್ಲ. ಆ ನಂಬಿಕೆಗೆ ಒಂದು ದಿನವೂ ಕುಂದು ಬರಲಿಲ್ಲ. ಒಂದು ಮಗುವೂ ಹಿಂದೆ ಉಳಿಯಲಿಲ್ಲ.

ಬೇಸಿಗೆಯಲ್ಲಿ ಆಯಮ್ಮ ಜ್ವರ ಹಿಡಿದು ಮಲಗಿದಳು, ಮತ್ತೆ ಏಳಲಿಲ್ಲ. ತಾತನಿಗೆ ಅಷ್ಟು ಹೊತ್ತಿಗೆ ಕಣ್ಣು ಮಂಜಾಗಿ ವ್ಯಾನು ಮಗನ ಕೈಗೆ ಹೋಗಿತ್ತು. ಮಗನದು ಟೈರಿನ ಅಂಗಡಿ. ವ್ಯಾನಿನಲ್ಲಿ ಮಕ್ಕಳ ಬದಲು ಟೈರು ಓಡಾಡುತ್ತಿದ್ದವು. ಆದರೂ ಸೀಟುಗಳನ್ನು, ಅದರಲ್ಲೂ ಬಾಗಿಲ ಪಕ್ಕದ ಆಯಮ್ಮನ ಸೀಟನ್ನು, ಕೀಳಲು ತಾತ ಬಿಟ್ಟಿರಲಿಲ್ಲ.

ಆಯಮ್ಮನಿಗೆ ಒಂದೇ ಆಸೆ ಇತ್ತು. "ಹುಟ್ಟಿದ್ದಕ್ಕೆ ಈ ವ್ಯಾನಿನಲ್ಲೇ ಕೂತು ಸವೆದೆ. ನೋಡಿದ್ದು ಮಾತ್ರ ಅದೇ ನಾಲ್ಕು ಬೀದಿ," ಎಂದು ನಗುತ್ತಿದ್ದಳು. "ಒಂದ್ಸಲ ಮಳೆಗಾಲದಲ್ಲಿ ಬೆಟ್ಟ ಇಳ್ಕೊಂಡು ಸಮುದ್ರದವರೆಗೂ ಹೋಗೋಣ ಕಣ್ರೀ." ಮಳೆಗಾಲದಲ್ಲಿ ಶಾಲೆಗೆ ರಜ ಎಲ್ಲಿಂದ ಬರಬೇಕು? ತಾತ ಪ್ರತಿ ವರ್ಷ ಮುಂದಿನ ವರ್ಷ ಎಂದ. ಈಗ ಅವಳಿಲ್ಲ. ಮಗನೇ ಒಂದು ದಿನ, "ಅಪ್ಪಾ, ಅಮ್ಮನ ಹೆಸರಲ್ಲಿ ನಾವಾದರೂ ಹೋಗಿಬರೋಣ," ಎಂದ. ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ನಾಲ್ವರೂ ಹೊರಟರು: ಮಗ, ಹೊಲಿಗೆ ಅಂಗಡಿಗೆ ಬೀಗ ಹಾಕಿ ಬಂದ ಸೊಸೆ, ತಾತ, ಮತ್ತು ಒಂದು ಕ್ಷಣ ಬಾಯಿ ಮುಚ್ಚಿ ಕೂರದ ಕಾರಣಕ್ಕೆ ಗುಬ್ಬಿ ಎಂದು ಹೆಸರಾದ ಮೊಮ್ಮಗಳು.

ತಿರುವು ಬಂದರೆ ಸೊಸೆಗೆ ಹೊಟ್ಟೆ ತೊಳಸುತ್ತದೆ. ಅವಳು ಮುಂದೆ ಗಂಡನ ಪಕ್ಕ ಕೂತಳು. ತಾತ ನಡುವಿನ ಸಾಲಿನಲ್ಲಿ ಕಿಟಕಿಗೆ ಒರಗಿದ. ಗುಬ್ಬಿಗೆ ಹಿಂದಿನ ಸಾಲು, ಚೀಲ ಕಂಬಳಿಗಳ ಜೊತೆ. ಬಾಗಿಲ ಪಕ್ಕದ ಸೀಟು ಖಾಲಿ ಉಳಿಯಿತು. ಅಲ್ಲಿ ಕೂರು ಎಂದು ಯಾರೂ ಯಾರಿಗೂ ಹೇಳಲಿಲ್ಲ.

"ಇವತ್ತಿಂದ ತಟ್ಟೋ ಕೆಲಸ ನಂದು," ಎಂದು ಗುಬ್ಬಿ ಬಾಗಿಲೆಳೆದು, ಮಳೆಗೆ ಕಿಟಕಿ ತೆರೆಯುವಂತಿಲ್ಲದ್ದರಿಂದ ಒಳಗಿನಿಂದಲೇ ಬಾಗಿಲಿಗೆ ಎರಡು ಏಟು ಕೊಟ್ಟಳು.

"ಸಂಬಳ ಎಷ್ಟಮ್ಮಾ ಮೇಡಂಗೆ?" ಎಂದ ಮಗ.

"ಅಜ್ಜಿಗೆ ಎಷ್ಟಿತ್ತೋ ಅಷ್ಟೇ."

"ಅಜ್ಜಿಗೆ ತಾತನ ಬೈಗುಳವೇ ಸಂಬಳ," ಎಂದಳು ಸೊಸೆ. ತಾತನೂ ನಕ್ಕ.

ಮಧ್ಯಾಹ್ನಕ್ಕೆ ಬೆಟ್ಟದ ರಸ್ತೆ ಶುರುವಾಯಿತು. ಮಳೆ ಸುರಿಯುತ್ತಿರಲಿಲ್ಲ, ಎತ್ತಿ ಬಡಿಯುತ್ತಿತ್ತು. ಹಗಲಿಗೇ ದೀಪ ಹಾಕಿಕೊಳ್ಳಬೇಕಾಯಿತು. ಎಡಕ್ಕೆ ಕಲ್ಲಿನ ಗೋಡೆಯಂಥ ಬೆಟ್ಟ, ಬಲಕ್ಕೆ ಬಿಳಿಯ ಮಂಜು. ಆ ಮಂಜಿನ ಕೆಳಗೆ ಎಲ್ಲೋ ನೀರಿನ ಮೊರೆತ. ಒಂದು ಚಹಾದ ಅಂಗಡಿಯ ಮುಂದೆ ನಿಲ್ಲಿಸಿ, ಬಿಸಿಯಾಗಿ ಕುಡಿದು, ಎಲ್ಲರೂ ತಲೆಯ ಮೇಲೆ ಕೈಯಿಟ್ಟುಕೊಂಡು ಓಡಿಬಂದು ಹತ್ತಿದರು. ಬಾಗಿಲು ಜಾರಿತು. ಎರಡು ಏಟು ಬಿದ್ದವು. ಮಗ ಹೊರಟ.

ತಾತನ ಮೈಯೆಲ್ಲ ಜುಂ ಎಂದಿತು. ಎರಡನೆಯ ಏಟಿಗೆ ಟಣ್ ಎಂದಿತ್ತು.

ಅವನು ಮೆಲ್ಲಗೆ ಹಿಂದೆ ತಿರುಗಿದ. ಗುಬ್ಬಿ ಎರಡೂ ಕೈಯಲ್ಲಿ ಬಿಸ್ಕತ್ತು ಹಿಡಿದು, ಬಾಯಲ್ಲೊಂದು ತುರುಕಿಕೊಂಡು ಕೂತಿದ್ದಳು.

"ನೀನೇ ತಟ್ಟಿದ್ಯಾ ಪುಟ್ಟಾ?"

ಗುಬ್ಬಿ ಬಿಸ್ಕತ್ತು ನುಂಗಿ, "ಅಯ್ಯೋ, ಮರ್ತೇಹೋಯ್ತು! ನೀನು ತಟ್ಟಿದ್ದಲ್ವಾ ತಾತ?" ಎಂದಳು.

ಸೂರಿನ ಮೇಲೆ ಮಳೆಯ ಗದ್ದಲ ಎಷ್ಟಿತ್ತೆಂದರೆ ಮುಂದೆ ಕೂತವರಿಗೆ ಈ ಮಾತು ಕೇಳಿಸಲೇ ಇಲ್ಲ. ತಾತ ಖಾಲಿ ಸೀಟಿನ ಕಡೆ ನೋಡಿದ. ಹರಿದ ರೆಕ್ಸಿನ್ನು, ಅದರ ಮೇಲೆ ಅವಳೇ ಹೊಲಿದು ಹಾಕಿದ್ದ ತೇಪೆ. ಅಷ್ಟೇ. ಆದರೆ ಬೇಸಿಗೆಯಿಂದ ಎದೆಯೊಳಗೆ ಕಟ್ಟಿಕೊಂಡಿದ್ದ ಕಲ್ಲೊಂದು ಯಾರೋ ಎತ್ತಿಟ್ಟ ಹಾಗೆ ಹಗುರಾಯಿತು. ಬಂದಿದ್ದಾಳೆ. ಸಮುದ್ರ ನೋಡಲು ಬಂದಿದ್ದಾಳೆ. ದೇವರು ದೊಡ್ಡವನು ಎಂದುಕೊಂಡ. ಭಯಪಡಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಒಂದಷ್ಟು ತಿರುವು ಕಳೆಯಿತೋ ಇಲ್ಲವೋ, "ಮಗಾ, ಸ್ವಲ್ಪ ನಿಲ್ಸು," ಎಂದ.

"ಈಗ ತಾನೇ ಇಳಿದಿದ್ರಲ್ಲಪ್ಪಾ."

"ವಯಸ್ಸಾದ ಮೇಲೆ ನಿನಗೂ ಗೊತ್ತಾಗುತ್ತೆ. ನಿಲ್ಸೋ."

ಅವನಿಗೆ ಅವಸರವೇನೂ ಇರಲಿಲ್ಲ. ಆ ಸದ್ದು ಇನ್ನೊಂದು ಸಲ ಬೇಕಿತ್ತು. ಇಳಿದು ಮಳೆಯಲ್ಲಿ ಸುಮ್ಮನೆ ನಿಂತು, ಮತ್ತೆ ಹತ್ತಿ, ತುಟಿಯ ಮೇಲೆ ಬೆರಳಿಟ್ಟುಕೊಂಡು ಗುಬ್ಬಿಗೆ ಹೇಳಿದ: "ಈ ಸಲ ನೀನು ತಟ್ಟಬೇಡ. ಸುಮ್ಮನೆ ಕೂತ್ಕೋ." ಬಾಗಿಲೆಳೆದು, ಕಣ್ಣು ಮುಚ್ಚಿದ. ನೋಡಿದರೆ ಅವಳು ಬರಲಾರಳು ಎಂದು ಯಾಕೋ ಅನ್ನಿಸಿತ್ತು.

ಹೊರಗಿನಿಂದ, ತಗಡಿನ ಮೇಲೆ, ಅಂಗೈ ಬಡಿಯಿತು. ಆಮೇಲೆ ಟಣ್.

ವ್ಯಾನು ಹೊರಟಿತು. ಗುಬ್ಬಿ ಸೀಟಿನ ಮೇಲಿಂದ ಬಗ್ಗಿ ತಾತನ ಕಿವಿಯ ಹತ್ತಿರ, "ತಾತ, ಯಾರು ಅದು?" ಎಂದಳು. ಯಾವಾಗಲೂ ಕೂಗಿ ಮಾತಾಡುವ ಹುಡುಗಿ ಪಿಸುಗುಟ್ಟಿದಳು.

"ಯಾರೂ ಇಲ್ಲ. ಗಾಳಿ."

"ಗಾಳಿ ಹಾಗೆ ತಟ್ಟುತ್ತಾ?"

"ಬೆಟ್ಟದ ಗಾಳಿ ಹಾಗೇ."

ಮಗುವಿಗೆ ಸುಳ್ಳು ಹೇಳಿದೆನೆಂದು ಒಂದು ಗಳಿಗೆ ಮನಸ್ಸು ಚುರ್ ಎಂದಿತು. ಆದರೆ ನಿಜ ಹೇಳಿದರೆ ಆ ಸದ್ದು ತನ್ನೊಬ್ಬನದಾಗಿ ಉಳಿಯುವುದಿಲ್ಲ. ಮಗ ಗಾಡಿ ನಿಲ್ಲಿಸಿ ಸುತ್ತ ನೋಡುತ್ತಾನೆ, ಸೊಸೆ ಹೆದರುತ್ತಾಳೆ, ಅವಳು ಹೊರಟುಹೋಗುತ್ತಾಳೆ. ಇನ್ನೊಮ್ಮೆ ಅವಳನ್ನು ಕಳೆದುಕೊಳ್ಳುವ ಶಕ್ತಿ ತಾತನಿಗಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೂತ.

ಇಳಿಜಾರು ಕಡಿದಾಯಿತು. ಬ್ರೇಕು ಕಾದ ವಾಸನೆ ಬರತೊಡಗಿದಾಗ ಮಗ ಒಂದು ಪಾಳು ಕಟ್ಟಡದ ಮುಂದೆ ನಿಲ್ಲಿಸಿದ. ಹಿಂದೆ ಯಾವಾಗಲೋ ಲಾರಿಗಳನ್ನು ತಪಾಸಣೆ ಮಾಡುತ್ತಿದ್ದ ಜಾಗವಿರಬೇಕು; ಅಡ್ಡಗಂಬ ಮುರಿದು ಬಿದ್ದಿತ್ತು, ಕಿಟಕಿಗಳಿಗೆ ಗಾಜಿರಲಿಲ್ಲ. ಸೊಸೆ ಇಳಿದವಳೇ ಗೋಡೆ ಹಿಡಿದು ವಾಂತಿ ಮಾಡಿಕೊಂಡಳು. ಮಗ ಅವಳ ಬೆನ್ನು ನೀವಿ, ಬಾಟಲಿ ನೀರು ಕೊಟ್ಟು, ಮುಂದಿನ ಗಾಜು ಒರೆಸಿದ. ಗುಬ್ಬಿ ನೀಲಿ ಮಳೆಕೋಟು ಹಾಕಿಕೊಂಡು ಕೊಚ್ಚೆಯಲ್ಲಿ ಕುಪ್ಪಳಿಸುತ್ತಿದ್ದಳು.

"ಗುಬ್ಬೀ, ಸಾಕು, ಹತ್ತು," ಎಂದು ಮಗ ಕೂಗಿ, ಹೆಂಡತಿಯನ್ನು ಕೂರಿಸಿ ತಾನೂ ಕೂತ.

ತಾತ ಇಳಿದೇ ಇರಲಿಲ್ಲ. ಇಂಜಿನು ಗುರುಗುಟ್ಟಿದ ಕೂಡಲೆ ಕಣ್ಣು ಮುಚ್ಚಿದ. ಬಾಗಿಲು ಗರಗರ ಜಾರಿ ಮುಚ್ಚಿಕೊಂಡಿತು. ಪಕ್ಕದ ರೆಕ್ಸಿನ್ನು ಯಾರೋ ಕೂತ ಹಾಗೆ ಕಿರುಗುಟ್ಟಿತೋ, ಹಾಗೆ ಅನ್ನಿಸಿತೋ. ತಗಡಿನ ಮೇಲೆ ಅಂಗೈ. ಟಣ್. ಕಣ್ಣು ಮುಚ್ಚಿಕೊಂಡೇ ಅವನು ಆ ಸೀಟಿನ ಮೇಲೆ ಕೈಯಿಟ್ಟು, ಎಷ್ಟೋ ದಿನಗಳ ಮೇಲೆ ನೆಮ್ಮದಿಯ ಉಸಿರು ಬಿಟ್ಟ.

ಬಹಳ ದೂರ ಹೋದ ಮೇಲೆ ಮಗ ಕೇಳಿದ: "ಏನಪ್ಪಾ, ಗುಬ್ಬಿ ಸದ್ದೇ ಇಲ್ಲ? ನಿದ್ದೆ ಹೋದಳಾ?"

"ಹೂಂ, ಮಲಗಿರಬೇಕು," ಎಂದ ತಾತ. ಹಿಂದಿನ ಸೀಟಿನಲ್ಲಿ ಕಂಬಳಿ ಗುಡ್ಡೆಯಾಗಿತ್ತು. ಹೊದಿಸೋಣವೆಂದು ಕೈ ಚಾಚಿದ. ಕಂಬಳಿಯ ಕೆಳಗೆ ಚೀಲವಿತ್ತು. ಚೀಲದ ಕೆಳಗೆ ಇನ್ನೊಂದು ಚೀಲ.

ಅವನು ಮಗನ ಭುಜ ಹಿಡಿದು ಜಗ್ಗಿದ.

"ಮಗಾ, ನಿಲ್ಸು. ಮಗು ಇಲ್ಲ."

ಸೊಸೆ ಹಿಂದಕ್ಕೆ ತಿರುಗಿ, ಅರ್ಥವಾಗದವಳ ಹಾಗೆ ಕಂಬಳಿಯನ್ನೇ ನೋಡಿದಳು. ಆಮೇಲೆ ಕೂಗಿದಳು. ಮಗ ಬ್ರೇಕು ಒತ್ತಿದ ರಭಸಕ್ಕೆ ವ್ಯಾನು ಜಾರಿ ಬೆಟ್ಟದ ಗೋಡೆಗೆ ಒರೆಸಿಕೊಂಡು ನಿಂತಿತು.

"ಹೇಗಪ್ಪಾ ಇಲ್ಲ? ಬಾಗಿಲು ಹಾಕಿದ್ದು ಕೇಳಿಸ್ತು! ಎರಡು ಸಲ ತಟ್ಟಿದಳು, ಅದು ಕೇಳಿದ ಮೇಲೇ ನಾನು ಹೊರಟಿದ್ದು!"

"ತಟ್ಟಿದ್ದು ಗುಬ್ಬಿ ಅಲ್ಲ."

"ಮತ್ಯಾರು?"

"ನಿಮ್ಮಮ್ಮ." ತಾತ ಖಾಲಿ ಸೀಟಿನ ಕಡೆ ಕೈ ತೋರಿಸಿದ. "ಚಹಾ ಕುಡಿದ ಜಾಗದಿಂದ ಅವಳೇ ತಟ್ಟುತ್ತಿದ್ದಾಳೆ. ನನಗೆ ಗೊತ್ತಿತ್ತು."

ನಿಮಗೆ ಹುಚ್ಚು ಎಂದು ಮಗ ಹೇಳಬಹುದಿತ್ತು. ಹೇಳಲಿಲ್ಲ. ಅವನು ಆ ಏಟು ಕೇಳುತ್ತಲೇ ಬೆಳೆದವನು. ಟಣ್ ಎಂದದ್ದು ಅವನ ಕಿವಿಗೂ ಬಿದ್ದಿತ್ತು, ಮನಸ್ಸಿಗೆ ಮಾತ್ರ ಈಗ ಮುಟ್ಟಿತು. ಬಣ್ಣಗೆಟ್ಟ ಮುಖದಲ್ಲಿ ಗೇರು ಹಾಕಿ, ಹಿಂದಕ್ಕೆ ಮುಂದಕ್ಕೆ ಎಳೆದಾಡಿ, ಒಂದು ಚಕ್ರ ಪ್ರಪಾತದ ಅಂಚಿಗೆ ಬರುವ ಹಾಗೆ ವ್ಯಾನನ್ನು ತಿರುಗಿಸಿದ.

"ಗೊತ್ತಿದ್ದೂ ಸುಮ್ಮನಿದ್ರಾ ಮಾವ?" ಎಂದಳು ಸೊಸೆ. ಅಳುತ್ತಿರಲಿಲ್ಲ. ಅಳುವುದನ್ನು ಮುಂದಕ್ಕೆ ಹಾಕಿದ ಧ್ವನಿ ಅದು. "ಅವರು ನಿಮ್ಮ ಹೆಂಡತಿ. ಇವಳು ನನ್ನ ಮಗಳು."

ತಾತ ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ ಮಾಡಿದ: ಭಗವಂತಾ, ನನ್ನ ದುರಾಸೆಯ ದಂಡವನ್ನು ಆ ಮಗುವಿನ ಕೈಲಿ ತೆರಿಸಬೇಡ.

ಪಾಳು ಕಟ್ಟಡದ ಮುಂದೆ ಯಾರೂ ಇರಲಿಲ್ಲ. ಕೊಚ್ಚೆಯಲ್ಲಿ ಪುಟ್ಟ ಬೂಟಿನ ಗುರುತುಗಳು ಮಳೆಗೆ ಕರಗುತ್ತಿದ್ದವು. ಮಗ ರಸ್ತೆಯ ಮೇಲ್ಗಡೆಗೆ ಕೂಗುತ್ತ ಓಡಿದ, ಸೊಸೆ ಕೆಳಗಡೆಗೆ. ತಾತ ಗೋಡೆ ಹಿಡಿದುಕೊಂಡು ಕಟ್ಟಡದ ಹಿಂದಕ್ಕೆ ಹೋದ.

ಹಿಂದೆ ಒಂದು ಉದ್ದನೆಯ ಜಗುಲಿ ಇತ್ತು, ಜಗುಲಿಯ ಮೇಲೆ ಒಂದು ಬೆಂಚು. ಎದುರಿಗೆ ಕಲ್ಲಿನ ಮೆಟ್ಟಿಲು ನೇರ ಹೊಳೆಗೆ ಇಳಿಯುತ್ತಿತ್ತು. ಕೆಂಪು ನೀರು ಕೆಳಗಿನ ಮೆಟ್ಟಿಲುಗಳನ್ನು ಆಗಲೇ ನುಂಗಿ, ಮೇಲಿನವುಗಳ ಮೇಲೆ ನಾಲಿಗೆ ಆಡಿಸುತ್ತಿತ್ತು. ಗುಬ್ಬಿ ಬೆಂಚಿನ ಒಂದು ತುದಿಗೆ ಒತ್ತಿಕೊಂಡು ಕೂತಿದ್ದಳು, ಇನ್ನೊಬ್ಬರಿಗೆ ಜಾಗ ಬಿಟ್ಟುಕೊಟ್ಟವಳ ಹಾಗೆ. ಮಳೆಕೋಟಿನ ಗುಂಡಿಯೆಲ್ಲ ಕತ್ತಿನವರೆಗೆ ಹಾಕಿತ್ತು.

ತಾತ ಅವಳನ್ನು ಬಾಚಿ ತಬ್ಬಿಕೊಂಡ. ಮೈ ಬೆಚ್ಚಗಿತ್ತು. ತಲೆ ಸವರಲು ಹೋದ ಕೈ ಅಲ್ಲೇ ನಿಂತಿತು. ಬೆಳಿಗ್ಗೆ ಸೊಸೆ ಒಂದು ರಬ್ಬರು ಹಾಕಿ ಕೂದಲನ್ನು ಹಾಗೇ ಇಳಿಬಿಟ್ಟಿದ್ದಳು. ಈಗ ಬಿಗಿಯಾಗಿ ಹೆಣೆದು ಮೇಲಕ್ಕೆ ಮಡಿಸಿ ಕಟ್ಟಿದ ಎರಡು ಜಡೆಗಳಿದ್ದವು, ಶಾಲೆಯ ಹುಡುಗಿಯರಿಗೆ ಹಾಕುವಂಥವು. ರಿಬ್ಬನ್ನಿಲ್ಲದ್ದಕ್ಕೆ ತುದಿಗೆ ಹಸಿ ಹುಲ್ಲಿನ ಎಳೆ ಸುತ್ತಿತ್ತು.

"ಕೂದಲು ಬಿಚ್ಕೊಂಡು ಓಡಾಡಬಾರದು ಅಂತ ಅಜ್ಜಿ ಹಾಕಿದಳು," ಎಂದಳು ಗುಬ್ಬಿ. ಹೆದರಿಕೆಯ ಸುಳಿವೇ ಇರಲಿಲ್ಲ. "ಅಜ್ಜಿ ಕೈ ತುಂಬಾ ತಣ್ಣಗಾಗಿದೆ ತಾತ."

"ಇನ್ನೇನು ಹೇಳಿದಳು?"

"ಒಬ್ಬಳೇ ಇರೋಕೆ ಬೇಜಾರಂತೆ. ಯಾವಾಗಲೂ ಸುತ್ತ ಮಕ್ಕಳಿರುತ್ತಿದ್ದರಲ್ಲ, ಈಗ ಯಾರೂ ಇಲ್ಲವಂತೆ. ಈ ಮೆಟ್ಟಿಲು ಇಳಿದು ಹೋದರೆ ಸಮುದ್ರ ಹತ್ತಿರವಂತೆ, ನೀನೂ ಬರ್ತೀಯಾ ಅಂದಳು." ಗುಬ್ಬಿ ಹೊಳೆಯ ಕಡೆ ಕೈ ತೋರಿಸಿದಳು. "ತಾತನ್ನ ಕೇಳಿ ಬರ್ತೀನಿ ಅಂದೆ. ಹಾಗಾದರೆ ಕೂತಿರೋಣ, ತಾತ ಬರ್ತಾರೆ ಅಂದಳು. ತಾತ, ಹೋಗಲಾ?"

ತಾತ ಬೆಂಚಿನ ಕಡೆ ನೋಡಿದ. ಸೂರು ಸೋರಿ ಬೆಂಚೆಲ್ಲ ಒದ್ದೆಯಾಗಿತ್ತು. ಗುಬ್ಬಿ ಕೂತಿದ್ದ ಜಾಗವೊಂದು ಒಣಗಿತ್ತು. ಅದರ ಪಕ್ಕದಲ್ಲಿ ಅಷ್ಟೇ ಅಗಲದ ಇನ್ನೊಂದು ಜಾಗವೂ ಒಣಗಿತ್ತು. ಸೋರುವ ಹನಿ ಅಲ್ಲಿಗೆ ಬಂದು ನಡುವೆಯೇ ಎಲ್ಲೋ ನಿಂತುಬಿಡುತ್ತಿತ್ತು.

ತಾನೂ ಆ ಮೆಟ್ಟಿಲು ಇಳಿದುಬಿಟ್ಟರೆ ಹೇಗೆ ಎಂದು ಅನ್ನಿಸಲಿಲ್ಲವೆಂದರೆ ಸುಳ್ಳಾದೀತು. ಅನ್ನಿಸಿತು. ಅವಳು ತಪ್ಪು ಮಾಡುವವಳಲ್ಲ, ಕೆಟ್ಟವಳಂತೂ ಅಲ್ಲ. ಜೊತೆಯಿಲ್ಲದೆ ದಿಕ್ಕುಗೆಟ್ಟಿದ್ದಾಳೆ. ತಾನೇ ಕಿವಿಗೊಟ್ಟು, ಕಣ್ಣು ಮುಚ್ಚಿ, ಬಾ ಬಾ ಎಂದು ಕರೆದು ಇಲ್ಲಿಯವರೆಗೆ ತಂದಿದ್ದಾನೆ. ಈಗ ಬಾರದಿರು ಎನ್ನಬೇಕಾದವನೂ ತಾನೇ.

"ಬೇಡ ಪುಟ್ಟಾ. ನೀನು ಹೋಗಬಾರದು," ಎಂದ. ಆಮೇಲೆ ಒಣಗಿದ ಆ ಜಾಗಕ್ಕೆ ಕೈ ಮುಗಿದ. "ಕೇಳಿಸ್ತೇನೇ? ಮಗೂನ ಕರೀಬೇಡ. ನನ್ನ ಸರದಿ ಬಂದ ದಿನ ನಾನೇ ಬರ್ತೀನಿ, ಆ ಮಾತು ತಪ್ಪಲ್ಲ. ಅಲ್ಲೀವರೆಗೆ ದೇವರ ಹತ್ತಿರ ಹೋಗು. ನಮ್ಮ ಹತ್ತಿರ ಬರಬೇಡ."

ಬೆಂಚಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ನೋಡುತ್ತಿದ್ದ ಹಾಗೆ ಆ ಜಾಗವೂ ಒದ್ದೆಯಾಯಿತು. ಹೋದಳೋ, ಬರೀ ಎದ್ದು ನಿಂತಳೋ, ಅವನಿಗೆ ತಿಳಿಯಲಿಲ್ಲ.

ಮಗುವನ್ನು ಕಂಡು ಸೊಸೆ ಕೆಸರಲ್ಲೇ ಕುಸಿದು ಕೂತು, ಮುಂದಕ್ಕೆ ಹಾಕಿದ್ದ ಅಳುವನ್ನೆಲ್ಲ ಅತ್ತಳು. ಜಡೆಗಳನ್ನು ಕಂಡವಳೇ ಬಿಚ್ಚಿ, ಹುಲ್ಲಿನ ಎಳೆಗಳನ್ನು ದೂರ ಎಸೆದಳು. "ಸಮುದ್ರ ಬೇಡ, ಏನೂ ಬೇಡ. ಮನೆಗೆ ಹೋಗೋಣ," ಎಂದಳು.

ತಾತ ಮಳೆಯಲ್ಲೇ ಬಾಗಿಲ ಹತ್ತಿರ ನಿಂತ. ಸೊಸೆಯನ್ನು ಹಿಂದಿನ ಸೀಟಿಗೆ ಹತ್ತಿಸಿದ, ಗುಬ್ಬಿಯನ್ನು ನಡುವಿನ ಸಾಲಿಗೆ ಎತ್ತಿ ಕೂರಿಸಿದ, ಮಗನ ಭುಜ ಮುಟ್ಟಿ ನೋಡಿದ. ಕಡೆಗೆ ತಾನು ಹತ್ತಿ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೂರದಿದ್ದ ಬಾಗಿಲ ಪಕ್ಕದ ಸೀಟಿನಲ್ಲಿ, ಅವಳ ತೇಪೆಯ ಮೇಲೆ, ಕೂತ. ಬಾಗಿಲೆಳೆದ.

"ಅಪ್ಪಾ, ಎಲ್ಲರೂ..." ಎಂದು ಮಗ ಹಿಂದಕ್ಕೆ ತಿರುಗಿ, ಒಂದೊಂದೇ ಮುಖ ನೋಡಿದ. ಹಾಗೆ ತಿರುಗಿ ನೋಡಿದ್ದಕ್ಕೆ ತಾತ ಬೈಯಲಿಲ್ಲ.

"ಎಲ್ಲರೂ ಇದ್ದೀವಿ. ಹೋಗು."

ವ್ಯಾನು ಏರು ಹತ್ತತೊಡಗಿತು. ಮೊದಲ ತಿರುವಿನಲ್ಲಿ, ತಾತನ ಮೊಣಕೈಗೆ ತಾಗುವಷ್ಟು ಹತ್ತಿರ, ಹೊರಗಡೆ ತಗಡಿನ ಮೇಲೆ ಅಂಗೈ ಬಡಿಯಿತು. ಟಣ್. ಆದರೆ ಈ ಸಲ ಎರಡಕ್ಕೆ ನಿಲ್ಲಲಿಲ್ಲ. ಮತ್ತೆ ಬಡಿಯಿತು, ಮತ್ತೆ, ಮತ್ತೆ. ಹೊರಡು ಎಂದು ಹೇಳುವ ಏಟಲ್ಲ ಅದು. ಹೊರಟ ಗಾಡಿಯ ಪಕ್ಕದಲ್ಲಿ ಓಡಿಕೊಂಡು ಬರುವವರು ಬಡಿಯುವ ಏಟು.

ಮಗನ ಕಾಲು ಬ್ರೇಕಿನ ಮೇಲೆ ಹೋಯಿತು. "ಅಪ್ಪಾ... ಅಮ್ಮ..."

"ನಿಲ್ಲಿಸಬೇಡ ಮಗಾ."

"ಅಪ್ಪಾ, ಹೊರಗಡೆ ಇಂಥಾ ಮಳೆ..."

"ಗೊತ್ತು. ರಸ್ತೆ ನೋಡು. ಹೋಗು."

ಸೊಸೆ ಕಿವಿ ಮುಚ್ಚಿಕೊಂಡಿದ್ದಳು. ಗುಬ್ಬಿ ತಾತನ ತೊಡೆಯ ಮೇಲೆ ಕಾಲು ಚಾಚಿಕೊಂಡು, "ಅಜ್ಜಿ ಬರಲ್ವಾ ತಾತ?" ಎಂದು ಕೇಳಿದಳು.

"ಇಲ್ಲ ಪುಟ್ಟಾ."

ಮುಂದಿನ ತಿರುವಿನವರೆಗೂ ಆ ಕೈ ಬಡಿಯಿತು. ಅದರಾಚೆಗೆ ಏಟು ಹಿಂದಕ್ಕೆ ಸರಿಯಿತು. ಹಿಂಬಾಗಿಲ ಮೇಲೆ ಒಂದು ಸಲ, ಇನ್ನೊಂದು ಸಲ. ಆಮೇಲೆ ಮಳೆ ಮಾತ್ರ. ತಾತನ ತುಟಿ ಅಲ್ಲಾಡುತ್ತಿತ್ತು. ಅವಳು ಯಾರ ಮಕ್ಕಳನ್ನೂ ಹಿಂದೆ ಬಿಟ್ಟವಳಲ್ಲ ದೇವರೇ, ಅವಳನ್ನು ನೀನು ಹಿಂದೆ ಬಿಡಬೇಡ, ಹತ್ತಿಸಿಕೋ.

ಪಕ್ಕದ ಕಿಟಕಿಯ ಗಾಜು ಉಸಿರಿಗೆ ಮಂಜಾಗಿತ್ತು. ಅಂಗೈಯಿಂದ ಒಮ್ಮೆ ಒರೆಸಿ ಹಿಂದಿನ ರಸ್ತೆಯನ್ನು ನೋಡಿದ್ದರೆ ಕಡೆಯ ಸಲ ಅವಳ ಮುಖ ಕಾಣುತ್ತಿತ್ತೋ ಏನೋ. ಅವನು ಒರೆಸಲಿಲ್ಲ. ಎರಡೂ ಕೈಯಲ್ಲಿ ಗುಬ್ಬಿಯ ಒದ್ದೆ ಪಾದಗಳನ್ನು ಹಿಡಿದು ಬೆಚ್ಚಗಾಗಲೆಂದು ಉಜ್ಜುತ್ತ ಕೂತ.